ಮೊದಲ ಸಲ ಕ್ಯಾಲ್ಕುಲಸ್ ಕೋರ್ಸ್ ತಗೊಳ್ತಿದ್ದೀರಾ? ಓದೋದು ಹೇಗೆ ಅಂತ ಹೇಳ್ತೀನಿ

ಯೂನಿವರ್ಸಿಟಿಲಿ ಮೊದಲ ಕ್ಯಾಲ್ಕುಲಸ್ ಕೋರ್ಸಿಗೆ ಸೇರಿದೋರು ಮೊದಲ ವಾರ ಕೇಳೋದು ಒಂದೇ, ಇದು ಅಷ್ಟೊಂದು ಕಷ್ಟಾನಾ ಅಂತ. ನಾನು ಈ ಕೋರ್ಸ್ ಮುಗಿಸಿ ಆಮೇಲೆ ಮೂರ್ನಾಲ್ಕು ವರ್ಷ ಜೂನಿಯರ್‌ಗಳ ಪಕ್ಕ ಕೂತು ಲೆಕ್ಕ ಹೇಳಿಕೊಟ್ಟಿದ್ದೀನಿ, ಅವರ ಟೆಸ್ಟ್ ಪೇಪರ್‌ಗಳನ್ನ ಸಾಲು ಸಾಲಾಗಿ ನೋಡಿದ್ದೀನಿ, ಅದರಲ್ಲಿ ನನಗೆ ಖಾತ್ರಿಯಾಗಿದ್ದು ಏನಂದ್ರೆ ಇಲ್ಲಿ ಮಾರ್ಕ್ಸ್ ಹೋಗೋದು ಹೆಚ್ಚಾಗಿ ಕ್ಯಾಲ್ಕುಲಸ್ ಬರದೆ ಅಲ್ಲ, ಆಲ್ಜೀಬ್ರಾ ಕೈಕೊಟ್ಟು. ಡೆರಿವೇಟಿವ್ (ಅಂದ್ರೆ ಗ್ರಾಫ್ ಒಂದು ಬಿಂದುವಲ್ಲಿ ಎಷ್ಟು ಕಡಿದಾಗಿ ಏರ್ತಿದೆ ಅನ್ನೋ ಲೆಕ್ಕ) ತಗೊಳ್ಳೋದು ಒಂದು ಸಾಲಿನ ಕೆಲಸ, ಅದಾದ್ಮೇಲೆ ಆರು ಸಾಲು ಬರೀ ಸಿಂಪ್ಲಿಫೈ ಮಾಡೋದೇ ಇರುತ್ತೆ, ಎಡವೋದು ಆ ಆರು ಸಾಲಲ್ಲಿ. ಹಾಗಾಗಿ ನಾನು ಹೇಳೋದ್ರಲ್ಲಿ ಒಂದಷ್ಟು ಹಳೇ ಗಣಿತಾನ ಗಟ್ಟಿ ಮಾಡ್ಕೊಳ್ಳೋದರ ಬಗ್ಗೆ, ಮಿಕ್ಕಿದ್ದು ಪುಸ್ತಕ ಮುಚ್ಚಿಟ್ಟು ಪೆನ್ ಹಿಡಿದು ಲೆಕ್ಕ ಮಾಡೋದರ ಬಗ್ಗೆ.

ಕ್ಲಾಸ್ ಶುರುವಾಗೋ ಮುಂಚೆ

ಎರಡು ವಾರ ಟೈಮ್ ಇದೆ ಅಂದ್ಕೊಳ್ಳಿ. ಕ್ಯಾಲ್ಕುಲಸ್ ಪುಸ್ತಕ ಈಗಲೇ ತೆಗೀಬೇಡಿ. ಮುಂಚೆ ಕಲಿತ ಆಲ್ಜೀಬ್ರಾ ತೆಗೀರಿ. ಫ್ಯಾಕ್ಟರ್ ಮಾಡೋದು, ಫ್ರ್ಯಾಕ್ಷನ್ ಕೂಡ್ಸೋದು ಕಳೆಯೋದು, ಪವರ್ ನಿಯಮಗಳು, ಮೈನಸ್ ಪವರ್, ರೂಟನ್ನ ಅರ್ಧದ ಪವರ್ ಆಗಿ ಬರೆಯೋದು, ಲಾಗ್ ನಿಯಮಗಳು, ಇಷ್ಟು ಯೋಚನೆ ಮಾಡದೆ ಕೈಯಿಂದ ತಾನಾಗೇ ಬರ್ಬೇಕು. ಯಾಕಂದ್ರೆ ಕ್ಲಾಸಲ್ಲಿ ಲೆಕ್ಚರರ್ "1 ಬೈ ರೂಟ್ ಎಕ್ಸ್ ಅಂದ್ರೆ ಎಕ್ಸ್ ಪವರ್ ಮೈನಸ್ ಅರ್ಧ" ಅಂತ ಒಂದೇ ಉಸಿರಲ್ಲಿ ಹೇಳಿ ಮುಂದಕ್ಕೆ ಹೋಗಿಬಿಡ್ತಾರೆ, ನೀವು ಅಲ್ಲೇ ನಿಂತು ಅದು ಹೇಗೆ ಅಂತ ಯೋಚಿಸ್ತಾ ಇದ್ರೆ ಅವರು ಹೇಳಬೇಕಾಗಿದ್ದ ಹೊಸ ವಿಷಯ ತಪ್ಪಿಹೋಗುತ್ತೆ.

ಪೇಪರ್‌ಗಳಲ್ಲಿ ನಾನು ಮತ್ತೆ ಮತ್ತೆ ನೋಡಿದ ತಪ್ಪುಗಳು ನಾಲ್ಕೇ ನಾಲ್ಕು. ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಅನ್ನ ಎ ಸ್ಕ್ವೇರ್ ಪ್ಲಸ್ ಬಿ ಸ್ಕ್ವೇರ್ ಅಂತ ಬರೆಯೋದು. ಎ ಸ್ಕ್ವೇರ್ ಪ್ಲಸ್ ಬಿ ಸ್ಕ್ವೇರ್‌ನ ರೂಟನ್ನ ಎ ಪ್ಲಸ್ ಬಿ ಅಂತ ಬರೆಯೋದು. 1 ಬೈ (ಎ ಪ್ಲಸ್ ಬಿ) ಅನ್ನ ಒಡೆದು 1 ಬೈ ಎ ಪ್ಲಸ್ 1 ಬೈ ಬಿ ಮಾಡೋದು. (ಎಕ್ಸ್ ಪ್ಲಸ್ 5) ಬೈ ಎಕ್ಸ್ ಇದ್ರೆ ಮೇಲೆ ಕೆಳಗೆ ಎಕ್ಸ್ ಹೊಡೆದುಹಾಕಿ 5 ಉಳೀತು ಅನ್ನೋದು. ಇದು ತಪ್ಪು ಅಂತ ಎಲ್ರಿಗೂ ಗೊತ್ತು, ಕೇಳಿದ್ರೆ ಸರಿಯಾಗೇ ಹೇಳ್ತಾರೆ, ಆದ್ರೆ ಗಡಿಬಿಡೀಲಿ ಕೈ ತಪ್ಪನ್ನೇ ಬರೆಯುತ್ತೆ. ಇದಕ್ಕೆ ಮದ್ದು ಸಂಖ್ಯೆ ಹಾಕಿ ನೋಡೋದು. ಎ 3, ಬಿ 4 ಅಂತ ಇಟ್ಕೊಳ್ಳಿ: ಹೋಲ್ ಸ್ಕ್ವೇರ್ 49, ಬಿಡಿ ಬಿಡಿಯಾಗಿ ಸ್ಕ್ವೇರ್ ಮಾಡಿ ಕೂಡಿಸಿದ್ರೆ 25. ಎರಡೂ ಬೇರೆ ಬೇರೆ, ಅಲ್ಲಿಗೆ ಮುಗೀತು. ಯಾವ ಸ್ಟೆಪ್ ಬಗ್ಗೆ ಅನುಮಾನ ಬಂದ್ರೂ ಹಿಂದಿನ ಸಾಲಿಗೂ ಈ ಸಾಲಿಗೂ ಒಂದೇ ಸಣ್ಣ ಸಂಖ್ಯೆ ಹಾಕಿ ಒಂದೇ ಉತ್ತರ ಬರುತ್ತಾ ನೋಡಿ, ಹತ್ತು ಸೆಕೆಂಡ್ ಕೆಲಸ. 0 ಮತ್ತೆ 1 ಮಾತ್ರ ಹಾಕಬೇಡಿ, ಅವೆರಡು ಎಷ್ಟೋ ತಪ್ಪುಗಳನ್ನ ಮುಚ್ಚಿಹಾಕುತ್ವೆ.

ಟ್ರಿಗ್ನಾಮೆಟ್ರಿಲಿ ಸೈನ್, ಕಾಸ್, ಟ್ಯಾನ್‌ಗೆ 0, 30, 45, 60, 90 ಡಿಗ್ರಿಯ ಬೆಲೆ (ಟ್ಯಾನ್ 90ಕ್ಕೆ ಮಾತ್ರ ಬೆಲೆ ಇಲ್ಲ) ನೋಡದೆ ಹೇಳೋಕೆ ಬರ್ಬೇಕು, ಅದೂ ರೇಡಿಯನ್‌ನಲ್ಲಿ, ಅಂದ್ರೆ 30 ಡಿಗ್ರಿ ಅಂದ ತಕ್ಷಣ ಪೈ ಬೈ 6 ಅಂತ ಹೊಳೀಬೇಕು. ಕ್ಯಾಲ್ಕುಲಸ್‌ನಲ್ಲಿ ರೇಡಿಯನ್ ಯಾಕೆ ಅಂತ ತುಂಬಾ ಜನ ಕೇಳ್ತಾರೆ. ಕ್ಯಾಲ್ಕುಲೇಟರ್ ತಗೊಂಡು ಸೈನ್ 0.01 ಅನ್ನ 0.01ರಿಂದ ಭಾಗಿಸಿ ನೋಡಿ. ರೇಡಿಯನ್ ಮೋಡಲ್ಲಿ 0.99998 ಬರುತ್ತೆ, ಅಂದ್ರೆ ಹೆಚ್ಚುಕಮ್ಮಿ 1. ಡಿಗ್ರಿ ಮೋಡಲ್ಲಿ 0.01745 ಬರುತ್ತೆ, ಅದು ಪೈ ಬೈ 180. ಸೈನ್‌ನ ಡೆರಿವೇಟಿವ್ ಕಾಸ್ ಅನ್ನೋ ನಿಯಮ ಆ 1ರ ಮೇಲೆ ನಿಂತಿದೆ, ಡಿಗ್ರೀಲಿ ಮಾಡಿದ್ರೆ ಪ್ರತಿ ಸಲ ಆ 0.01745 ಬಾಲದ ಥರ ಹಿಂದೇನೇ ಬರುತ್ತೆ. ಟೆಸ್ಟಿಗೆ ಹೋಗೋ ಮುಂಚೆ ಕ್ಯಾಲ್ಕುಲೇಟರ್ ಯಾವ ಮೋಡಲ್ಲಿದೆ ಅಂತ ನೋಡ್ಕೊಳ್ಳಿ, ದಯವಿಟ್ಟು.

ಯೂನಿವರ್ಸಿಟಿ ಪ್ಲೇಸ್‌ಮೆಂಟ್ ಟೆಸ್ಟ್ (ಯಾವ ಕೋರ್ಸಿಂದ ಶುರು ಮಾಡ್ಬೇಕು ಅಂತ ಹೇಳೋ ಟೆಸ್ಟ್) ಕೊಟ್ರೆ ಅದನ್ನ ನಿಜವಾಗಿ, ಯಾರ ಸಹಾಯಾನೂ ಇಲ್ದೆ ಬರೀರಿ. ಪ್ರೀಕ್ಯಾಲ್ಕುಲಸ್, ಅಂದ್ರೆ ಕ್ಯಾಲ್ಕುಲಸ್‌ಗೂ ಮುಂಚಿನ ಕೋರ್ಸ್, ತಗೊಳ್ಳಿ ಅಂತ ಅದು ಹೇಳಿದ್ರೆ ತಗೊಳ್ಳಿ, ಒಂದು ಸೆಮಿಸ್ಟರ್ ಹೋಯ್ತು ಅಂತ ಬೇಜಾರಾಗೋದು ಬೇಡ.

ಮೊದಲ ವಾರಗಳು: ಲಿಮಿಟ್

ಕೋರ್ಸ್ ಸಾಮಾನ್ಯವಾಗಿ ಲಿಮಿಟ್‌ನಿಂದ (ಒಂದು ಬೆಲೆ ಯಾವ ಸಂಖ್ಯೆ ಕಡೆ ಹೋಗ್ತಿದೆ ಅನ್ನೋದು) ಶುರುವಾಗುತ್ತೆ, ಆಮೇಲೆ ಡೆರಿವೇಟಿವ್, ಅದರ ಉಪಯೋಗಗಳು, ಕೊನೇಲಿ ಇಂಟಿಗ್ರೇಷನ್ (ಗ್ರಾಫ್ ಕೆಳಗಿನ ಜಾಗ ಲೆಕ್ಕ ಹಾಕೋದು). ಲಿಮಿಟ್ ಯಾಕೆ ಬೇಕು ಅಂತ ಗೊತ್ತಾಗದೇ ಇರೋದ್ರಿಂದ ತುಂಬಾ ಜನಕ್ಕೆ ಮೊದಲ ಎರಡು ವಾರ ಮಂಜಿನಲ್ಲಿ ನಡೆದ ಹಾಗಿರುತ್ತೆ. ಅದಕ್ಕೆ ಕ್ಲಾಸಲ್ಲಿ ಡೆರಿವೇಟಿವ್ ಬರೋ ಮುಂಚೆಯೇ ಈ ಒಂದು ಲೆಕ್ಕ ನೀವೇ ಮಾಡಿ ನೋಡಿ.

ಎಕ್ಸ್ ಸ್ಕ್ವೇರ್‌ನ ಗ್ರಾಫ್ ತಗೊಳ್ಳಿ, ಎಕ್ಸ್ 3 ಇದ್ದಾಗ ಆ ಗೆರೆ ಎಷ್ಟು ಕಡಿದಾಗಿ ಏರ್ತಿದೆ ಅಂತ ಕಂಡುಹಿಡೀಬೇಕು. ಒಂದೇ ಬಿಂದು ಇದ್ರೆ ಸ್ಲೋಪ್ ಲೆಕ್ಕ ಹಾಕೋಕೆ ಆಗಲ್ಲ, ಎರಡು ಬೇಕು. ಪಕ್ಕದಲ್ಲೇ 3.1 ತಗೊಳ್ಳೋಣ: 9.61ರಲ್ಲಿ 9 ಕಳೆದು 0.1ರಿಂದ ಭಾಗಿಸಿದ್ರೆ 6.1. ಇನ್ನೂ ಹತ್ತಿರ 3.01 ತಗೊಂಡ್ರೆ 6.01. 3.001 ತಗೊಂಡ್ರೆ 6.001. ಎಲ್ಲಿಗೆ ಹೋಗ್ತಿದೆ ಅಂತ ಕಣ್ಣಿಗೆ ಕಾಣ್ತಿದೆ. ಈಗ ಅದನ್ನೇ ಅಕ್ಷರದಲ್ಲಿ ಮಾಡಿ, ಪಕ್ಕದ ಬಿಂದು 3 ಪ್ಲಸ್ ಹೆಚ್: ಹೋಲ್ ಸ್ಕ್ವೇರ್ ಬಿಡಿಸಿದ್ರೆ 9 ಪ್ಲಸ್ 6 ಹೆಚ್ ಪ್ಲಸ್ ಹೆಚ್ ಸ್ಕ್ವೇರ್, 9 ಹೋಯ್ತು, ಹೆಚ್‌ನಿಂದ ಭಾಗಿಸಿದ್ರೆ 6 ಪ್ಲಸ್ ಹೆಚ್. ಹೆಚ್ ಸೊನ್ನೆ ಕಡೆ ಹೋದ್ರೆ 6. ಡೆರಿವೇಟಿವ್ ಅಂದ್ರೆ ಇದೇ, ಮುಂದೆ ಬರೋ ರೂಲ್‌ಗಳೆಲ್ಲಾ ಈ ಕೆಲಸವನ್ನ ಬೇಗ ಮಾಡೋ ದಾರಿಗಳು. ಗಮನಿಸಿ, ಹೋಲ್ ಸ್ಕ್ವೇರ್ ತಪ್ಪಾಗಿ ಬಿಡಿಸಿದೋರಿಗೆ ಆ 6 ಹೆಚ್ ಸಿಗೋದೇ ಇಲ್ಲ, ಉತ್ತರ ಸೊನ್ನೆ ಬರುತ್ತೆ. ಆಲ್ಜೀಬ್ರಾ ಆಲ್ಜೀಬ್ರಾ ಅಂತ ನಾನು ಬಡ್ಕೊಳ್ಳೋದು ಇದಕ್ಕೇ.

ಇಲ್ಲಿ ಒಬ್ಬ ಹುಡುಗಿ ನನ್ನನ್ನ ಕೇಳಿದ್ಲು, "ಹೆಚ್‌ನಿಂದ ಭಾಗಿಸುವಾಗ ಹೆಚ್ ಸೊನ್ನೆ ಅಲ್ಲ ಅಂತೀರಿ, ಮುಂದಿನ ಸಾಲಲ್ಲೇ ಹೆಚ್ ಸೊನ್ನೆ ಅಂತ ಬಿಟ್ಟುಬಿಡ್ತೀರಿ, ಇದು ಹೇಗಣ್ಣಾ?" ಅಂತ. ತುಂಬಾ ಒಳ್ಳೇ ಪ್ರಶ್ನೆ. ಇದೇ ಆಕ್ಷೇಪಾನ 1734ರಲ್ಲಿ ಬಿಷಪ್ ಬರ್ಕ್ಲಿ ನ್ಯೂಟನ್‌ನ ವಿಧಾನದ ಮೇಲೆ ಎತ್ತಿದ್ದ, ಆಗ ಯಾರ ಹತ್ರಾನೂ ಸರಿಯಾದ ಉತ್ತರ ಇರಲಿಲ್ಲ. ನ್ಯೂಟನ್ 1660ರ ದಶಕದಲ್ಲೇ ಕ್ಯಾಲ್ಕುಲಸ್ ಕಂಡುಕೊಂಡಿದ್ದ, ಲೈಬ್ನಿಟ್ಸ್ 1684ರಲ್ಲಿ ಅಚ್ಚು ಹಾಕಿಸಿದ, ಆದ್ರೆ ಲಿಮಿಟ್ ಅನ್ನೋದರ ಮೇಲೆ ಇಡೀ ವಿಷಯಾನ ಕೂರಿಸೋ ಕೆಲಸ ಗಣಿತಜ್ಞ ಕೋಶಿ 1821ರಲ್ಲಿ ಮಾಡಿದ್ದು, ಎಪ್ಸಿಲಾನ್ ಡೆಲ್ಟಾ ("ಹತ್ತಿರ" ಅಂದ್ರೆ ಎಷ್ಟು ಹತ್ತಿರ ಅಂತ ಹೇಳೋ ಎರಡು ಸಣ್ಣ ಸಂಖ್ಯೆಗಳು) ಇಟ್ಟು ಈಗ ಪುಸ್ತಕದಲ್ಲಿರೋ ಹಾಗೆ ಬಿಗಿ ಮಾಡಿದ್ದು ಇನ್ನೂ ಆಮೇಲೆ ಇನ್ನೊಬ್ಬ ಗಣಿತಜ್ಞ ವೈಯರ್‌ಸ್ಟ್ರಾಸ್. ಅಂದ್ರೆ ನೂರೈವತ್ತು ವರ್ಷಕ್ಕಿಂತ ಜಾಸ್ತಿ ಹಿಡೀತು. ನಿಮಗೆ ಮೂರನೇ ಕ್ಲಾಸಲ್ಲಿ ಎಪ್ಸಿಲಾನ್ ಡೆಲ್ಟಾ ಹಿಡೀಲಿಲ್ಲ ಅಂದ್ರೆ ನಿಮ್ಮ ತಲೇಲಿ ಏನೂ ಕೊರತೆ ಇಲ್ಲ. ಆ ಹುಡುಗಿಗೆ ಕೊಟ್ಟ ಉತ್ತರ ಇಷ್ಟೇ, ಹೆಚ್ ಯಾವತ್ತೂ ಸೊನ್ನೆ ಆಗಲ್ಲ, ಹೆಚ್ ಸೊನ್ನೆಗೆ ಹತ್ತಿರ ಹೋದಂಗೆಲ್ಲ 6 ಪ್ಲಸ್ ಹೆಚ್ ಯಾವ ಸಂಖ್ಯೆಗೆ ಎಷ್ಟು ಬೇಕಾದ್ರೂ ಹತ್ತಿರ ಬರುತ್ತೆ ಅಂತ ಕೇಳ್ತಿದ್ದೀವಿ, ಆ ಸಂಖ್ಯೆ 6.

ಎಪ್ಸಿಲಾನ್ ಡೆಲ್ಟಾ ನಿಮ್ಮ ಕೋರ್ಸಲ್ಲಿ ಎಷ್ಟು ಕೇಳ್ತಾರೆ ಅಂತ ಸಿಲಬಸ್ ಮತ್ತೆ ಹಳೇ ಪೇಪರ್ ನೋಡಿ ತಿಳ್ಕೊಳ್ಳಿ. ಕೆಲವು ಕೋರ್ಸಲ್ಲಿ ಒಂದು ಪ್ರಶ್ನೇನೂ ಬರಲ್ಲ, ಕೆಲವದರಲ್ಲಿ ಖಾಯಂ ಒಂದು ಇರುತ್ತೆ. ಸುಮ್ನೆ ಅಲ್ಲೇ ಸಿಕ್ಕಿಹಾಕ್ಕೊಂಡು ಡೆರಿವೇಟಿವ್ ಹೊತ್ತಿಗೆ ಹಿಂದೆ ಬೀಳಬೇಡಿ.

ಲೋಪಿಟಾಲ್ ರೂಲ್ ಬಗ್ಗೆ ಒಂದು ಮಾತು, ಅಂದ್ರೆ ಲಿಮಿಟ್ ಕಂಡುಹಿಡಿಯೋಕೆ ಮೇಲಿನದರ, ಕೆಳಗಿನದರ ಡೆರಿವೇಟಿವ್ ಬೇರೆ ಬೇರೆ ತಗೊಂಡು ಭಾಗಿಸೋ ರೂಲ್. ಗೊತ್ತಾದ ದಿನದಿಂದ ಎಲ್ರೂ ಅದನ್ನ ಎಲ್ಲಾ ಕಡೆ ಹಾಕೋಕೆ ಶುರು ಮಾಡ್ತಾರೆ. ಎಕ್ಸ್ ಸೊನ್ನೆ ಕಡೆ ಹೋಗುವಾಗ ಕಾಸ್ ಎಕ್ಸ್ ಬೈ (ಎಕ್ಸ್ ಪ್ಲಸ್ 1) ತಗೊಳ್ಳಿ, ನೇರವಾಗಿ ಸೊನ್ನೆ ಹಾಕಿದ್ರೆ ಉತ್ತರ 1. ಲೋಪಿಟಾಲ್ ಹಾಕಿದ್ರೆ ಮೇಲೆ ಮೈನಸ್ ಸೈನ್, ಕೆಳಗೆ 1, ಉತ್ತರ ಸೊನ್ನೆ, ಪೂರ್ತಿ ತಪ್ಪು. ಮೊದಲು ಬೆಲೆ ಹಾಕಿ ನೋಡಿ, ಸೊನ್ನೆ ಬೈ ಸೊನ್ನೆ ಅಥವಾ ಇನ್ಫಿನಿಟಿ ಬೈ ಇನ್ಫಿನಿಟಿ ಬಂದ್ರೆ ಮಾತ್ರ ಆ ರೂಲ್ ಮುಟ್ಟಿ.

ಡೆರಿವೇಟಿವ್ ರೂಲ್‌ಗಳು

ಒಂದೇ ವಸ್ತುವಿಗೆ ಮೂರು ಥರ ಬರವಣಿಗೆ ಇದೆ, ಡಿವೈ ಬೈ ಡಿಎಕ್ಸ್ ಲೈಬ್ನಿಟ್ಸ್‌ದು, ಎಫ್ ಪ್ರೈಮ್ ಲಗ್ರಾಂಜ್‌ದು, ಫಿಸಿಕ್ಸ್‌ನೋರು ಹಾಕೋ ಮೇಲಿನ ಚುಕ್ಕೆ ನ್ಯೂಟನ್‌ದು. ಮೂರೂ ಒಂದೇ, ಗಾಬರಿ ಬೇಡ.

ರೂಲ್‌ಗಳನ್ನ ಬಾಯಿಪಾಠ ಮಾಡ್ಲೇಬೇಕು, ಅದರಲ್ಲಿ ಮುಜುಗರ ಏನಿಲ್ಲ. ಆದ್ರೆ ಬಾಯಿಪಾಠ ಮಾಡಿದ್ರೂ ಟೆಸ್ಟಲ್ಲಿ ಯಾವ ರೂಲ್ ಎಲ್ಲಿ ಹಾಕ್ಬೇಕು ಅಂತ ಗೊತ್ತಾಗಲ್ಲ ಅನ್ನೋದೇ ದೊಡ್ಡ ತೊಂದರೆ. ಅದಕ್ಕೆ ನಾನು ಎಲ್ರಿಗೂ ಹೇಳಿಕೊಡೋ ಒಂದು ಉಪಾಯ ಇದೆ. ಆ ಫಂಕ್ಷನ್‌ಗೆ ಎಕ್ಸ್ 2 ಅಂತ ಹಾಕಿ ಕ್ಯಾಲ್ಕುಲೇಟರಲ್ಲಿ ಲೆಕ್ಕ ಹಾಕ್ತಿದ್ದೀನಿ ಅಂದ್ಕೊಳ್ಳಿ, ಕಟ್ಟಕಡೇಲಿ ಒತ್ತೋ ಬಟನ್ ಯಾವುದು? ಕೊನೇ ಕೆಲಸ ಗುಣಾಕಾರ ಆದ್ರೆ ಪ್ರಾಡಕ್ಟ್ ರೂಲ್, ಭಾಗಾಕಾರ ಆದ್ರೆ ಕೋಶಂಟ್ ರೂಲ್, ಒಟ್ಟು ಬಂದಿದ್ದನ್ನ ಪವರ್‌ಗೆ ಏರಿಸೋದು ಅಥವಾ ಸೈನ್ ತಗೊಳ್ಳೋದು ಆದ್ರೆ ಚೈನ್ ರೂಲ್. ಸೈನ್ ಸ್ಕ್ವೇರ್ ಎಕ್ಸ್ ಮತ್ತೆ ಸೈನ್ ಆಫ್ ಎಕ್ಸ್ ಸ್ಕ್ವೇರ್ ನೋಡಿ, ಕಣ್ಣಿಗೆ ಅಣ್ಣತಮ್ಮಂದಿರ ಥರ ಕಾಣ್ತವೆ. ಮೊದಲನೇದ್ರಲ್ಲಿ ಕೊನೇ ಕೆಲಸ ಸ್ಕ್ವೇರ್ ಮಾಡೋದು, ಉತ್ತರ 2 ಸೈನ್ ಎಕ್ಸ್ ಕಾಸ್ ಎಕ್ಸ್. ಎರಡನೇದ್ರಲ್ಲಿ ಕೊನೇ ಕೆಲಸ ಸೈನ್, ಉತ್ತರ 2 ಎಕ್ಸ್ ಇಂಟು ಕಾಸ್ ಆಫ್ ಎಕ್ಸ್ ಸ್ಕ್ವೇರ್. ಎಲ್ಲಿಂದ ಎಲ್ಲಿಗೆ.

ಚೈನ್ ರೂಲನ್ನ ಬಾಯಲ್ಲಿ ಹೇಳ್ಕೊಂಡು ಮಾಡಿ: ಹೊರಗಿನದರ ಡೆರಿವೇಟಿವ್, ಒಳಗಿನದನ್ನ ಮುಟ್ಟಬಾರದು, ಆಮೇಲೆ ಇಂಟು ಒಳಗಿನದರ ಡೆರಿವೇಟಿವ್. 3 ಎಕ್ಸ್ ಪ್ಲಸ್ 1 ಹೋಲ್ ಪವರ್ 5 ಇದ್ರೆ, 5 ಇಂಟು 3 ಎಕ್ಸ್ ಪ್ಲಸ್ 1 ಹೋಲ್ ಪವರ್ 4, ಆಮೇಲೆ ಇಂಟು 3, ಒಟ್ಟು 15 ಇಂಟು 3 ಎಕ್ಸ್ ಪ್ಲಸ್ 1 ಹೋಲ್ ಪವರ್ 4, ಎಕ್ಸ್ ಸೊನ್ನೆ ಹಾಕಿದ್ರೆ 15. ಆ 3 ಮರೆತುಹೋಗೋದು ಇಡೀ ಕೋರ್ಸಲ್ಲೇ ಅತಿ ಹೆಚ್ಚು ಸಲ ಆಗೋ ತಪ್ಪು ಅಂತ ನನ್ನ ಅನುಭವ. ಹಿಡಿಯೋದು ಸುಲಭ, ಎಕ್ಸ್ ಸೊನ್ನೆಯಲ್ಲಿ ಫಂಕ್ಷನ್ 1, ಎಕ್ಸ್ 0.001ರಲ್ಲಿ 1.003 ಪವರ್ 5, ಅಂದ್ರೆ ಸುಮಾರು 1.01509. ವ್ಯತ್ಯಾಸಾನ 0.001ರಿಂದ ಭಾಗಿಸಿದ್ರೆ 15.09. ನಿಮ್ಮ ಉತ್ತರ 5 ಬಂದಿದ್ರೆ ಏನೋ ಬಿಟ್ಟಿದ್ದೀರಿ ಅಂತ ಅಲ್ಲೇ ಗೊತ್ತಾಯ್ತು.

ಪ್ರಾಡಕ್ಟ್ ರೂಲ್ ಮರೆತು ಎರಡರ ಡೆರಿವೇಟಿವನ್ನ ಗುಣಿಸಿಬಿಡ್ಬೇಕು ಅನ್ನಿಸಿದಾಗ ಎಕ್ಸ್ ಇಂಟು ಎಕ್ಸ್ ನೆನಪಿಸ್ಕೊಳ್ಳಿ, 1 ಇಂಟು 1 ಅಂದ್ರೆ 1 ಬರುತ್ತೆ, ಆದ್ರೆ ಎಕ್ಸ್ ಸ್ಕ್ವೇರ್‌ದು 2 ಎಕ್ಸ್ ಅಂತ ನಿಮಗೆ ಗೊತ್ತು. ಇನ್ನೊಂದು, 2 ಪವರ್ ಎಕ್ಸ್‌ಗೆ ಪವರ್ ರೂಲ್ ಹಾಕಬೇಡಿ. ಎಕ್ಸ್ ಕೆಳಗಿದ್ರೆ ಪವರ್ ರೂಲ್, ಎಕ್ಸ್ ಮೇಲೆ ಪವರ್‌ನಲ್ಲಿದ್ರೆ ಅದು ಎಕ್ಸ್‌ಪೊನೆನ್ಷಿಯಲ್, ಅದರ ಡೆರಿವೇಟಿವ್ 2 ಪವರ್ ಎಕ್ಸ್ ಇಂಟು ನ್ಯಾಚುರಲ್ ಲಾಗ್ 2.

ವಾಕ್ಯದ ಲೆಕ್ಕಗಳು

ರೂಲ್‌ಗಳೆಲ್ಲ ಬಂದ್ರೂ ಇಲ್ಲಿ ಬಂದು ನಿಂತುಬಿಡೋರು ತುಂಬಾ ಜನ, ಅದಕ್ಕೆ ಒಂದು ಲೆಕ್ಕ ಪೂರ್ತಿ ಹೇಳ್ತೀನಿ. 5 ಮೀಟರ್ ಏಣಿ ಗೋಡೆಗೆ ಒರಗಿದೆ, ಬುಡ ಗೋಡೆಯಿಂದ ಸೆಕೆಂಡಿಗೆ 1 ಮೀಟರ್‌ನಂತೆ ಜಾರ್ತಿದೆ, ಬುಡ 3 ಮೀಟರ್ ದೂರದಲ್ಲಿರುವಾಗ ತುದಿ ಎಷ್ಟು ವೇಗವಾಗಿ ಇಳೀತಿದೆ?

ಮೊದಲು ಚಿತ್ರ ಬರೀರಿ. ಚಿತ್ರದಲ್ಲಿ ಬದಲಾಗೋದಕ್ಕೆಲ್ಲ ಅಕ್ಷರ ಕೊಡಿ, ಬದಲಾಗದೇ ಇರೋದಕ್ಕೆ ಮಾತ್ರ ಸಂಖ್ಯೆ ಬರೀರಿ. ಏಣಿ ಉದ್ದ ಬದಲಾಗಲ್ಲ, 5 ಅಂತ ಬರೀಬಹುದು. ಬುಡದ ದೂರ ಎಕ್ಸ್, ತುದಿಯ ಎತ್ತರ ವೈ. ಎಲ್ರೂ ಎಡವೋದು ಇಲ್ಲೇ, ಪ್ರಶ್ನೇಲಿ 3 ಅಂತ ಇದೆಯಲ್ಲ ಅಂತ ಎಕ್ಸ್ ಜಾಗದಲ್ಲಿ ಆಗಲೇ 3 ಹಾಕಿಬಿಡ್ತಾರೆ. ಹಾಕಿದ್ರೆ ಏಣಿ ನಿಂತುಹೋಯ್ತು, 3ರ ಡೆರಿವೇಟಿವ್ ಸೊನ್ನೆ, ಜಾರೋದು ಎಲ್ಲಿಂದ ಬರ್ಬೇಕು? 3 ಅನ್ನೋದು ಒಂದು ಕ್ಷಣದ ಫೋಟೋ ಅಷ್ಟೇ, ಡೆರಿವೇಟಿವ್ ತಗೊಂಡಾದ್ಮೇಲೆ ಹಾಕ್ಬೇಕು.

ಎಕ್ಸ್ ಸ್ಕ್ವೇರ್ ಪ್ಲಸ್ ವೈ ಸ್ಕ್ವೇರ್ ಈಕ್ವಲ್ ಟು 25. ಎರಡೂ ಕಡೆ ಟೈಮ್ ಪ್ರಕಾರ ಡೆರಿವೇಟಿವ್: 2 ಎಕ್ಸ್ ಇಂಟು ಡಿಎಕ್ಸ್ ಬೈ ಡಿಟಿ ಪ್ಲಸ್ 2 ವೈ ಇಂಟು ಡಿವೈ ಬೈ ಡಿಟಿ ಈಕ್ವಲ್ ಟು ಸೊನ್ನೆ. ಈಗ ಸಂಖ್ಯೆ ಹಾಕಿ, ಎಕ್ಸ್ 3, ಹಾಗಾದ್ರೆ ವೈ 4, ಡಿಎಕ್ಸ್ ಬೈ ಡಿಟಿ 1. ಡಿವೈ ಬೈ ಡಿಟಿ ಮೈನಸ್ 3 ಬೈ 4. ಅಂದ್ರೆ ತುದಿ ಸೆಕೆಂಡಿಗೆ 0.75 ಮೀಟರ್‌ನಂತೆ ಇಳೀತಿದೆ, ಮೈನಸ್ ಬಂದಿದ್ದೇ ಇಳೀತಿದೆ ಅನ್ನೋದಕ್ಕೆ. ಉತ್ತರದಲ್ಲಿ ಯೂನಿಟ್ ಬರೀರಿ, ವಾಕ್ಯದಲ್ಲಿ ಕೇಳಿದ್ದಾರೆ ಅಂದ್ರೆ ವಾಕ್ಯದಲ್ಲೇ ಉತ್ತರ ಬರೀರಿ.

ಅತಿ ಹೆಚ್ಚು, ಅತಿ ಕಡಿಮೆ ಕೇಳೋ ಲೆಕ್ಕಗಳು ಇದಕ್ಕಿಂತ ಸಲೀಸು. ಡೆರಿವೇಟಿವ್ ಸೊನ್ನೆ ಆಗೋ ಜಾಗ, ಡೆರಿವೇಟಿವ್ ಇಲ್ಲದೇ ಇರೋ ಜಾಗ, ಎರಡು ತುದಿ, ಇವಿಷ್ಟರಲ್ಲೂ ಬೆಲೆ ಹಾಕಿ ಹೋಲಿಸಿ. ತುದಿ ಮರೆಯೋರೇ ಜಾಸ್ತಿ.

ಇಂಟಿಗ್ರೇಷನ್

ಇಷ್ಟೊತ್ತಿಗೆ ಸೆಮಿಸ್ಟರ್ ಕೊನೆ ಬಂದಿರುತ್ತೆ, ಎಲ್ರೂ ಸುಸ್ತಾಗಿರ್ತಾರೆ, ಫೈನಲ್‌ನಲ್ಲಿ ಮಾತ್ರ ಇದರಿಂದ ಒಳ್ಳೇ ಪಾಲು ಬರುತ್ತೆ. ಒಂದು ಸಲ ಕೈಯಾರೆ ಮಾಡಿ: ಎಕ್ಸ್ ಸ್ಕ್ವೇರ್ ಕೆಳಗಿನ ಜಾಗ, 0ಯಿಂದ 1ರವರೆಗೆ. ಹತ್ತು ಪಟ್ಟಿ ಮಾಡಿ, ಪ್ರತಿ ಪಟ್ಟಿಯ ಎಡ ತುದಿ ಎತ್ತರ ತಗೊಂಡ್ರೆ ಒಟ್ಟು 0.285, ಬಲ ತುದಿ ತಗೊಂಡ್ರೆ 0.385. ನಿಜವಾದ ಉತ್ತರ ಎರಡರ ಮಧ್ಯೆ ಎಲ್ಲೋ ಇದೆ. ನೂರು ಪಟ್ಟಿ ಮಾಡಿದ್ರೆ ಬಲಗಡೆಯದ್ದು 0.33835ಕ್ಕೆ ಇಳಿಯುತ್ತೆ. ಈಗ ಎಕ್ಸ್ ಸ್ಕ್ವೇರ್ ಯಾವುದರ ಡೆರಿವೇಟಿವ್ ಅಂತ ಯೋಚಿಸಿ, ಅದು ಎಕ್ಸ್ ಕ್ಯೂಬ್ ಬೈ 3, ಅದಕ್ಕೆ 1 ಹಾಕಿ, 0 ಹಾಕಿ, ಕಳೀರಿ: 1 ಬೈ 3. ನೂರು ಪಟ್ಟಿ ಕೂಡಿಸೋ ಕೆಲಸ ಎರಡು ಬೆಲೆ ಕಳೆಯೋದ್ರಲ್ಲಿ ಮುಗೀತು, ಫಂಡಮೆಂಟಲ್ ಥಿಯರಮ್ ಅಂತ ಕರೆಯೋದು ಸುಮ್ನೆ ಅಲ್ಲ. ನನಗೆ ಇವತ್ತಿಗೂ ಈ ಲೆಕ್ಕ ಮಾಡಿದಾಗ ಖುಷಿಯಾಗುತ್ತೆ.

ಇಂಟಿಗ್ರೇಷನ್ ಉತ್ತರದ ಕೊನೇಲಿ ಬರೆಯೋ ಪ್ಲಸ್ ಸಿ (ಯಾವುದೋ ಒಂದು ಸ್ಥಿರ ಸಂಖ್ಯೆ) ಬಿಡಬೇಡಿ, ಎಕ್ಸ್ ಸ್ಕ್ವೇರ್ ಪ್ಲಸ್ 7, ಎಕ್ಸ್ ಸ್ಕ್ವೇರ್ ಮೈನಸ್ 100 ಎರಡರ ಡೆರಿವೇಟಿವೂ 2 ಎಕ್ಸ್ ತಾನೆ, ವಾಪಸ್ ಹೋಗುವಾಗ ಯಾವುದು ಅಂತ ಹೇಗೆ ಗೊತ್ತಾಗ್ಬೇಕು. ಸಬ್‌ಸ್ಟಿಟ್ಯೂಷನ್ ಮಾಡುವಾಗ, ಅಂದ್ರೆ ಲೆಕ್ಕದ ಒಂದು ತುಂಡಿಗೆ ಯು ಅಂತ ಅಕ್ಷರ ಇಟ್ಟಾಗ, ಇಂಟಿಗ್ರಲ್‌ನ ಲಿಮಿಟ್‌ಗಳನ್ನೂ (ಎಲ್ಲಿಂದ ಎಲ್ಲಿವರೆಗೆ ಅನ್ನೋ ಎರಡು ಬೆಲೆಗಳು) ಯುಗೆ ಬದಲಾಯಿಸಿ. ಉತ್ತರ ಸರಿನಾ ಅಂತ ಯಾರನ್ನೂ ಕೇಳಬೇಕಾಗಿಲ್ಲ, ಬಂದಿದ್ದನ್ನ ಡಿಫರೆನ್ಷಿಯೇಟ್ ಮಾಡಿ, ಶುರು ಮಾಡಿದಲ್ಲಿಗೆ ವಾಪಸ್ ಬಂದ್ರೆ ಸರಿ.

ಮತ್ತೆ ಒಂದು ಬಲೆ: 1 ಬೈ ಎಕ್ಸ್ ಸ್ಕ್ವೇರ್ ಅನ್ನ ಮೈನಸ್ 1ರಿಂದ 1ರವರೆಗೆ ಇಂಟಿಗ್ರೇಟ್ ಮಾಡಿ ಅಂದ್ರೆ ಕಣ್ಣು ಮುಚ್ಚಿ ಫಾರ್ಮುಲಾ ಹಾಕಿದ್ರೆ ಮೈನಸ್ 2 ಬರುತ್ತೆ. ಆದ್ರೆ ಆ ಫಂಕ್ಷನ್ ಎಲ್ಲಾ ಕಡೆ ಪಾಸಿಟಿವ್, ಜಾಗ ಮೈನಸ್ ಆಗೋಕೆ ಹೇಗೆ ಸಾಧ್ಯ? ಸೊನ್ನೇಲಿ ಅದು ಮುರಿದುಹೋಗಿದೆ, ಥಿಯರಮ್ ಅಲ್ಲಿ ಅನ್ವಯಿಸೋದೇ ಇಲ್ಲ, ಈ ಇಂಟಿಗ್ರಲ್‌ಗೆ ಸಂಖ್ಯೆಯಾಗಿ ಉತ್ತರಾನೇ ಇಲ್ಲ.

ದಿನಾ ಓದೋದು ಹೇಗೆ

ಕ್ಲಾಸಿನ ಒಂದು ಗಂಟೆಗೆ ಹೊರಗೆ ಎರಡು ಗಂಟೆ ಅನ್ನೋದು ಸಾಮಾನ್ಯವಾಗಿ ಹೇಳೋ ಲೆಕ್ಕ, ಆಲ್ಜೀಬ್ರಾ ವೀಕ್ ಇರೋರಿಗೆ ಮೂರು. ಅದನ್ನ ಭಾನುವಾರ ಒಂದೇ ಸಲ ಕೂತು ಮುಗಿಸ್ತೀನಿ ಅಂದ್ರೆ ಆಗಲ್ಲ, ದಿನಾ ಕೂರ್ಬೇಕು. ಕ್ಲಾಸ್ ಆದ ದಿನಾನೇ ನೋಟ್ಸ್ ಮುಚ್ಚಿ, ಬೋರ್ಡ್ ಮೇಲೆ ಮಾಡಿದ ಒಂದು ಲೆಕ್ಕಾನ ಖಾಲಿ ಹಾಳೇಲಿ ಮೊದಲಿಂದ ಮಾಡಿ. ಆಗಲೇ ಗೊತ್ತಾಗೋದು, ಕ್ಲಾಸಲ್ಲಿ ತಲೆ ಅಲ್ಲಾಡಿಸಿದ್ದು ಅರ್ಥವಾಗಿ ಅಲ್ಲ, ಬರೀ ಅವರ ಹಿಂದೆ ಹೋಗಿದ್ದು ಅಂತ. ವಿಡಿಯೋ ನೋಡೋದೂ ಅಷ್ಟೇ, ಖಾನ್ ಅಕಾಡೆಮಿಯಂಥ ಕಡೆ ಒಳ್ಳೊಳ್ಳೆ ವಿಡಿಯೋ ಇವೆ, ಆದ್ರೆ ಲೆಕ್ಕ ಕಂಡ ತಕ್ಷಣ ಪಾಸ್ ಒತ್ತಿ ನೀವು ಮಾಡಿ, ಆಮೇಲೆ ಮುಂದೆ ಬಿಡಿ. ಬಿಡಿಸಿಟ್ಟಿರೋ ಲೆಕ್ಕ ಓದಿದ್ರೆ ಎಲ್ಲಾ ಸುಲಭ ಅನ್ಸುತ್ತೆ, ಅದು ಮೋಸ.

ನನ್ನ ಮೊದಲ ಟೆಸ್ಟಲ್ಲಿ ಇದೇ ಆಗಿದ್ದು. ಮೂರು ರಾತ್ರಿ ಕೂತು ಸೊಲ್ಯೂಷನ್ ಓದಿದ್ದೆ, ಒಂದನ್ನೂ ಸ್ವಂತವಾಗಿ ಬರೆದು ಮಾಡಿರಲಿಲ್ಲ, ಪೇಪರ್ ಕೈಗೆ ಬಂದಾಗ ಎಲ್ಲವೂ ಪರಿಚಯದ ಮುಖ, ಒಂದರ ಹೆಸರೂ ನೆನಪಿಲ್ಲ ಅನ್ನೋ ಹಾಗಾಯ್ತು. ಫೇಲ್ ಆದೆ. ಆಮೇಲೆ ಒಂದು ಸಣ್ಣ ನೋಟ್‌ಬುಕ್ ಇಟ್ಟೆ, ತಪ್ಪಿನ ಪುಸ್ತಕ ಅಂತ. ಪ್ರತಿ ತಪ್ಪಿಗೂ ಮೂರು ಸಾಲು, ಏನು ಬರೆದಿದ್ದೆ, ಏನು ಬರೀಬೇಕಿತ್ತು, ಮುಂದಿನ ಸಲ ಹೇಗೆ ಹಿಡೀತೀನಿ. "ಅಜಾಗರೂಕತೆ" ಅಂತ ಬರೆದುಬಿಟ್ರೆ ಏನೂ ಪ್ರಯೋಜನ ಇಲ್ಲ, "ಮೈನಸ್‌ನ ಬ್ರಾಕೆಟ್ ಒಳಗೆ ಎರಡನೇ ಪದಕ್ಕೆ ಕೊಡೋಕೆ ಮರೆತೆ" ಅಂತ ಬರೀಬೇಕು. ಇಪ್ಪತ್ತು ತಪ್ಪು ಸೇರಿದ್ಮೇಲೆ ನೋಡಿದ್ರೆ ಅದರಲ್ಲಿ ಹನ್ನೆರಡು ಒಂದೇ ಜಾತಿಯವು. ಅಲ್ಲಿಂದ ಏನು ಓದಬೇಕು ಅಂತ ಹುಡುಕೋ ಕೆಲಸಾನೇ ಇರಲಿಲ್ಲ.

ಅಭ್ಯಾಸದ ಲೆಕ್ಕಗಳನ್ನ ಬೆರಕೆ ಮಾಡ್ಕೊಳ್ಳಿ. ಪಾಠದ ಕೊನೇಲಿ ಇರೋ ನಲವತ್ತೂ ಚೈನ್ ರೂಲ್ ಲೆಕ್ಕಗಳೇ, ಅಲ್ಲಿ ಯಾವ ರೂಲ್ ಅಂತ ಯೋಚಿಸೋ ಅಗತ್ಯಾನೇ ಬರಲ್ಲ, ಟೆಸ್ಟಲ್ಲಿ ಮಾತ್ರ ಬರುತ್ತೆ. ನಾಲ್ಕು ಪಾಠದಿಂದ ಎರಡೆರಡು ಲೆಕ್ಕ ಚೀಟೀಲಿ ಬರೆದು ಕಲಸಿ ತೆಗೆದು ಮಾಡಿ.

ಸಿಕ್ಕಿಹಾಕ್ಕೊಂಡ್ರೆ ಹದಿನೈದು ಇಪ್ಪತ್ತು ನಿಮಿಷ ಒದ್ದಾಡಿ, ಆಮೇಲೆ ಕೇಳಿ. ಆಫೀಸ್ ಅವರ್ಸ್ (ಲೆಕ್ಚರರ್ ಡೌಟ್ ಕೇಳೋರಿಗೆ ಅಂತ ಇಟ್ಟಿರೋ ಸಮಯ) ಇದ್ರೆ ಖಂಡಿತ ಹೋಗಿ, ಹೋಗುವಾಗ "ನನಗೆ ಏನೂ ಅರ್ಥ ಆಗ್ತಿಲ್ಲ ಸರ್" ಅನ್ನೋ ಬದಲು ನೀವು ಮಾಡಿದ ಹಾಳೆ ತಗೊಂಡು ಹೋಗಿ "ಈ ನಾಲ್ಕನೇ ಸಾಲಿಂದ ಐದನೇ ಸಾಲಿಗೆ ಹೇಗೆ ಬಂದ್ರು ಮೇಡಂ" ಅಂತ ತೋರ್ಸಿ, ಐದು ನಿಮಿಷದಲ್ಲಿ ಕೆಲಸ ಆಗುತ್ತೆ. ಫ್ರೆಂಡ್ಸ್ ಜೊತೆ ಓದೋದಾದ್ರೆ ಮೂರು ಜನ ಸಾಕು, ಮೊದಲು ಒಬ್ಬೊಬ್ಬರೇ ಮಾಡಿ ಆಮೇಲೆ ಹೋಲಿಸಿ ನೋಡಿ. ಡೆಸ್ಮೋಸ್ ಅನ್ನೋ ಆನ್‌ಲೈನ್ ಗ್ರಾಫ್ ಕ್ಯಾಲ್ಕುಲೇಟರ್‌ನಲ್ಲಿ ಗ್ರಾಫ್ ಹಾಕಿ ನೋಡೋದು ತುಂಬಾ ಒಳ್ಳೇದು. ಸ್ಟೆಪ್ ಸಮೇತ ಉತ್ತರ ಕೊಡೋ ಆಪ್‌ಗಳನ್ನ ಮಾತ್ರ ನಿಮ್ಮ ಉತ್ತರ ಬರೆದಾದ್ಮೇಲೆ ತೆಗೀರಿ, ಹೋಮ್‌ವರ್ಕಿಗೆ ಅವನ್ನ ಬಳಸೋಕೆ ಬಿಡ್ತಾರಾ ಅಂತಾನೂ ಕೋರ್ಸ್ ನಿಯಮ ನೋಡಿ.

ಟೆಸ್ಟ್ ದಿನ

ಹಳೇ ಪೇಪರ್ ಸಿಕ್ರೆ ಒಂದು ವಾರ ಮುಂಚೆ ಗಡಿಯಾರ ಇಟ್ಕೊಂಡು, ಫೋನ್ ಬೇರೆ ರೂಮಲ್ಲಿ ಇಟ್ಟು ಪೂರ್ತಿ ಬರೀರಿ. ಹಾಲ್‌ನಲ್ಲಿ ಮೊದಲು ಎಲ್ಲಾ ಪ್ರಶ್ನೆ ಓದಿ, ಬರೋದನ್ನ ಮೊದಲು ಮಾಡಿ. ಸ್ಟೆಪ್ ಬಿಡಬೇಡಿ, ಎಷ್ಟೋ ಕಡೆ ಸ್ಟೆಪ್‌ಗೂ ಮಾರ್ಕ್ಸ್ ಇರುತ್ತೆ, ಉತ್ತರ ತಪ್ಪಾದ್ರೂ ಏಣಿ ಲೆಕ್ಕದಲ್ಲಿ ಚಿತ್ರ, ಇಕ್ವೇಷನ್, ಡೆರಿವೇಟಿವ್ ಸರಿ ಇದ್ರೆ ಅರ್ಧಕ್ಕಿಂತ ಜಾಸ್ತಿ ಸಿಗಬಹುದು. ಬೆಲೆ ಹಾಕೋವರೆಗೂ ಪ್ರತಿ ಸಾಲಲ್ಲೂ ಲಿಮ್ ಅಂತ ಬರೀರಿ, ಮಧ್ಯೆ ಬಿಟ್ರೆ ಕೆಲವರು ಮಾರ್ಕ್ಸ್ ಕಟ್ ಮಾಡ್ತಾರೆ. ಸಮ ಅಲ್ಲದ್ದರ ಮಧ್ಯೆ ಈಕ್ವಲ್ ಟು ಹಾಕಬೇಡಿ, ಫಂಕ್ಷನ್ ಈಕ್ವಲ್ ಟು ಅದರ ಡೆರಿವೇಟಿವ್ ಅಂತ ಬರೆದಿರೋ ಪೇಪರ್ ಎಷ್ಟೋ ನೋಡಿದ್ದೀನಿ. ಕೊನೇ ಹತ್ತು ನಿಮಿಷ ಹೊಸ ಲೆಕ್ಕಕ್ಕೆ ಕೈ ಹಾಕೋದಕ್ಕಿಂತ, ನಿಮ್ಮ ತಪ್ಪಿನ ಪುಸ್ತಕದಲ್ಲಿರೋ ಎರಡು ಮೂರು ಖಾಯಂ ತಪ್ಪುಗಳನ್ನ ಮಾತ್ರ ಹುಡುಕ್ತಾ ಇಡೀ ಪೇಪರ್ ಮೇಲೆ ಕಣ್ಣಾಡಿಸಿ.

ಪೇಪರ್ ವಾಪಸ್ ಬಂದಾಗ ಮಾರ್ಕ್ಸ್ ನೋಡಿ ಬ್ಯಾಗಿಗೆ ಹಾಕಬೇಡಿ, ಎಷ್ಟೇ ಬೇಜಾರಾಗಿದ್ರೂ ಎರಡು ದಿನದೊಳಗೆ ತಪ್ಪಾದ ಪ್ರತಿ ಲೆಕ್ಕಾನೂ ಹೊಸ ಹಾಳೇಲಿ ಮತ್ತೆ ಮಾಡಿ, ಫೈನಲ್‌ನಲ್ಲಿ ಅದೇ ವಿಷಯ ಬೇರೆ ಬಟ್ಟೆ ಹಾಕ್ಕೊಂಡು ಬರುತ್ತೆ. ಕೋರ್ಸ್ ಮುಗಿದ್ಮೇಲೂ ಆ ತಪ್ಪಿನ ಪುಸ್ತಕ ಎಸೀಬೇಡಿ, ಮುಂದಿನ ಕೋರ್ಸಲ್ಲಿ ಇಂಟಿಗ್ರೇಷನ್ ಬೈ ಪಾರ್ಟ್ಸ್ ಬರುತ್ತೆ, ಅದು ಪ್ರಾಡಕ್ಟ್ ರೂಲನ್ನೇ ತಿರುಗಿಸಿ ಬರೆದಿದ್ದು, ಪ್ರಾಡಕ್ಟ್ ರೂಲಲ್ಲಿ ನೀವು ಎಲ್ಲಿ ಮೈನಸ್ ಬಿಡ್ತಿದ್ರೋ ಅಲ್ಲೇ ಮತ್ತೆ ಬಿಡ್ತೀರಿ, ರಜೇಲಿ ಆ ಪುಟ ಒಂದ್ಸಲ ತೆಗೆದು ನೋಡಿ.